ಮೂರನೆಯ 'ನೌ'

ದೆವ್ವ, ಶಕುನ, ಕನಸಿನ ಸೂಚನೆ ಎಂದೆಲ್ಲ ಹೇಳುವವರನ್ನು ಕಂಡರೆ ನಾನು ಯಾವಾಗಲೂ ಮೂಗು ಮುರಿಯುತ್ತಿದ್ದವಳು. ಕಾನ್ವೆಂಟಿನಲ್ಲಿ ನಮ್ಮ ಮದರ್, "ಗರ್ಲ್ಸ್, ಹೋಲಿ ಘೋಸ್ಟ್ ಬಿಟ್ಟರೆ ಬೇರೆ ಯಾವ ಘೋಸ್ಟಿಗೂ ಈ ಕಾಂಪೌಂಡಿನಲ್ಲಿ ಎಂಟ್ರಿ ಇಲ್ಲ" ಎನ್ನುತ್ತಿದ್ದರು. ಆ ಮಾತನ್ನು ಎಪ್ಪತ್ತು ದಾಟುವವರೆಗೂ ಕಟ್ಟಿಕೊಂಡು ಬಂದೆ. ಈಗ ಬರೆಯುವುದನ್ನು ನೀವು ನಂಬಬೇಕೆಂದು ನನ್ನ ಹಟ ಇಲ್ಲ. ನಂಬಬೇಕೋ ಬೇಡವೋ ಎಂದು ನನಗೇ ತೀರ್ಮಾನ ಆಗಿಲ್ಲ.

ನಮ್ಮ ಊರಿನಲ್ಲಿ ಆಕಾಶ ನೋಡುವ ಹುಚ್ಚಿನವರ ಒಂದು ಸಣ್ಣ ಗುಂಪು ಉಂಟು. ಕಾಮೆಟ್, ಆಸ್ಟರಾಯ್ಡ್ ಎಲ್ಲ ದೊಡ್ಡ ಕ್ಯಾಮೆರಾ ಇರುವ, ನಿದ್ದೆ ಕೆಡಲು ತಯಾರಿರುವ ಯುವಕರ ಪಾಲು. ಮುದುಕಿಯರಾದ ನನಗೂ ವಾರಿಜಳಿಗೂ ಸಿಕ್ಕಿದ್ದು ಸ್ಯಾಟಲೈಟುಗಳು. ಅವು ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಕಾಣುತ್ತವೆ. ನೋಡಿ ಮುಗಿಸಿ ಊಟ ಮಾಡಿ ಮಲಗಬಹುದು.

ವಾರಿಜ ನನ್ನ ದೇರೆಬೈಲಿನ ಮನೆಯ ಪಕ್ಕದವಳು. ನಮ್ಮ ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದು ಚಿಕ್ಕ ಗೇಟು ಉಂಟು. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ರಿಟೈರ್ ಆದವಳು. ನನ್ನನ್ನು ಕರೆಯುವುದು, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ, 'ಬಾಯಮ್ಮ' ಎಂದು, ಅದೂ ಗೇಲಿಯ ರಾಗದಲ್ಲಿ. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ನಮ್ಮ ಕೆಲಸದ ಕ್ರಮ ಹೇಳದಿದ್ದರೆ ಮುಂದಿನದು ಅರ್ಥವಾಗದು. ನನ್ನ ಟೆರೇಸಿನಲ್ಲಿ ನಾನು ಈಸಿಚೇರಿನಲ್ಲಿ ಒರಗಿ ಬೈನಾಕ್ಯುಲರ್ ಹಿಡಿಯುತ್ತೇನೆ. ಸ್ಯಾಟಲೈಟು ಎರಡು ನಕ್ಷತ್ರಗಳ ನಡುವೆ ದಾಟುವ ಕ್ಷಣಕ್ಕೆ "ನೌ!" ಎಂದು ಕೂಗಬೇಕು. ವಾರಿಜ ನನ್ನ ಹಿಂದೆ, ಆಕಾಶಕ್ಕೂ ನನಗೂ ಬೆನ್ನು ಹಾಕಿ, ಸ್ಟಾಪ್‌ವಾಚ್ ಹಿಡಿದು ಕೂರುತ್ತಾಳೆ. ನಾನು ಕೂಗಿದ ಕೂಡಲೇ ಗುಂಡಿ ಒತ್ತಿ "ಆಂಡ್" ಎನ್ನುತ್ತಾಳೆ. ಆಂಡ್ ಎಂದರೆ ಆಯಿತು. ಒಂದು ಸ್ಯಾಟಲೈಟಿಗೆ ಹೀಗೆ ಮೂರು ಸಲ. ಆ ಸಮಯಗಳನ್ನು ಸ್ಯಾಟಲೈಟುಗಳ ದಾರಿ ಲೆಕ್ಕ ಹಾಕುವ ಹವ್ಯಾಸಿಗಳಿಗೆ ಮೇಲ್ ಮಾಡುತ್ತೇವೆ. ಅದು ಮರೆಯಾಗುವವರೆಗೆ ನಾನು ಕಣ್ಣು ತೆಗೆಯಬಾರದು, ಹಿಂದೆ ತಿರುಗಲೇಬಾರದು. ತೆಗೆದರೆ ಮತ್ತೆ ಸಿಕ್ಕುವುದಿಲ್ಲ.

ನಾಲ್ಕೈದು ವರ್ಷದ ಹಿಂದೆ, ಚಳಿ ಮುಗಿಯುವ ಸಮಯದಲ್ಲಿ, ನಾವು ಒಂದು ಹಳೆಯ ರಾಕೆಟಿನ ಖಾಲಿ ಚಿಪ್ಪಿನ ಹಿಂದೆ ಬಿದ್ದಿದ್ದೆವು. ವಾರಿಜ ಅದಕ್ಕೆ 'ಡಬ್ಬ' ಎಂದು ಹೆಸರಿಟ್ಟಿದ್ದಳು. ಅದು ಕೆಳಗೆ ಬಿದ್ದು ಸುಟ್ಟುಹೋಗುವ ಕಾಲ ಹತ್ತಿರ ಬಂದಿತ್ತು. ಬೀಳುವ ಕಾಲ ಬಂದ ವಸ್ತುವಿನ ಸುತ್ತು ಚಿಕ್ಕದಾಗುತ್ತಾ ಬರುತ್ತದೆ; ಹಾಗಾಗಿ ಲೆಕ್ಕ ಹಾಕಿದ ಹೊತ್ತಿಗಿಂತ ಮೊದಲೇ ಬಂದುಬಿಡುತ್ತದೆ. ದಿನ ಕಳೆದ ಹಾಗೆ ಇನ್ನೂ ಮೊದಲು. ನಾವಿಬ್ಬರೂ ಸಂಜೆಯ ಕೆಲಸಗಳನ್ನು ಅದಕ್ಕೆ ಸರಿಯಾಗಿ ಹಿಂದೆಮುಂದೆ ಮಾಡಿಕೊಳ್ಳುತ್ತಿದ್ದೆವು.

ವಾರಿಜಳಿಗೆ ಶುಗರ್. ಸಂಜೆ ಇನ್ಸುಲಿನ್ ಚುಚ್ಚಿಕೊಂಡರೆ ಕೂಡಲೇ ತಿನ್ನಬೇಕು. ಆ ವರ್ಷ ಒಮ್ಮೆ ಶುಗರ್ ಇಳಿದು ಬಾತ್‌ರೂಮಿನಲ್ಲಿ ಬಿದ್ದಿದ್ದಳು. ಇನ್ನೊಮ್ಮೆ ಹೀಗಾಗಿ ಯಾರೂ ನೋಡದಿದ್ದರೆ ಬದುಕಿಸುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಾಗಾಗಿ ಅವಳ ತಮ್ಮನ ಮನೆಯವರು ಅವಳನ್ನು ಒಬ್ಬಳೇ ಬಿಡುತ್ತಿರಲಿಲ್ಲ. ಆ ಸಂಜೆ ಅವರೆಲ್ಲ ತೊಕ್ಕೊಟ್ಟಿಗೆ ಒಂದು ರಿಸೆಪ್ಷನ್ನಿಗೆ ಹೋಗಿದ್ದರು, ಬಾಯಮ್ಮನ ಜೊತೆಗೆ ಇರುತ್ತಾಳಲ್ಲ ಎಂಬ ಧೈರ್ಯದಲ್ಲಿ.

ನಾನು ಮೇಲೆ ಹೋಗಿ, ಸಮಯದ ಬೀಪ್ ಹೊಡೆಯುವ ಫೋನನ್ನು ಕಟ್ಟೆಯ ಮೇಲಿಟ್ಟು, ಕೆಳಗೆ ಬಗ್ಗಿ ಕರೆದೆ. ಅವಳ ಅಡುಗೆಮನೆಯ ಕಿಟಕಿಯಿಂದ ಉತ್ತರ ಬಂತು: "ಬಂದೆ ಮಾರಾಯ್ತಿ! ನಿನ್ನ ಡಬ್ಬಕ್ಕೆ ಸ್ವಲ್ಪ ನಿಲ್ಲಲಿಕ್ಕೆ ಹೇಳು!"

ಅದು ನಿಲ್ಲುವಂಥದ್ದಲ್ಲ. ತೆಂಗಿನ ಮರಗಳ ಮೇಲೆ, ಇನ್ನೂ ಕೆಂಪು ಆರದ ಪಡುವಣ ಆಕಾಶದಲ್ಲಿ ಅದು ಹೊರಡುವ ಹೊತ್ತಾಗಿಬಿಟ್ಟಿತ್ತು. ನಾನು ಓಡಿ ಒರಗಿ ಬೈನಾಕ್ಯುಲರಿಗೆ ಕಣ್ಣಿಟ್ಟೆ; ಆ ಬೆಳಕಿನ ಚುಕ್ಕೆ ಆಗಲೇ ಹೊರಟಿತ್ತು. ಹಿಂದೆ ಮೆಟ್ಟಿಲು ಹತ್ತಿದ ಸದ್ದು ಕೇಳಿಸಿತೇ? ಇವತ್ತು ಆಣೆ ಇಟ್ಟು ಹೇಳಲಾರೆ. ಬಂದಿದ್ದಾಳೆ ಎಂದುಕೊಂಡೆ, ಅಷ್ಟೆ.

ಮೊದಲನೆಯ ಜೋಡಿ ನಕ್ಷತ್ರ ಬಂತು. "ನೌ!" ಎಂದೆ. "ಆಂಡ್" ಎಂದಳು, ಯಾವಾಗಿನ ಹಾಗೆ ಅರ್ಧ ಉಸಿರು ತಡೆದು.

ಎರಡನೆಯ ಜೋಡಿ. ನಾನು "ನೌ" ಎನ್ನುವಾಗಲೇ ಅವಳ "ಆಂಡ್" ಕೂಡ ಬಂತು. ಎರಡು ಶಬ್ದ ಒಂದರ ಮೇಲೊಂದು ಬಿದ್ದವು. ನನಗೆ ನಗು ಬಂತು. ಕಳ್ಳಿ, ತಿರುಗಿ ಆಕಾಶ ನೋಡುತ್ತಾ ಇದ್ದಾಳೆ, ಮುಗಿಯಲಿ, ಬೈಯುತ್ತೇನೆ ಎಂದುಕೊಂಡೆ. ಆದರೆ ಬರಿಗಣ್ಣಿಗೆ ಅದಿನ್ನೂ ಕಾಣುವ ಹೊತ್ತಲ್ಲ, ಆಕಾಶದಲ್ಲಿ ಅಷ್ಟು ಬೆಳಕಿತ್ತು. ಆ ಯೋಚನೆ ಬಂದದ್ದೇ ಬೆನ್ನಿನ ಹಿಂದೆ ಏನೋ ಸರಿ ಇಲ್ಲ ಅನ್ನಿಸತೊಡಗಿತು. ಫೋನು ಬೀಪ್ ಬೀಪ್ ಎನ್ನುತ್ತಿತ್ತು. ವಾರಿಜಳ ಕೆಮ್ಮು ಇಲ್ಲ, ಬಳೆಯ ಸದ್ದಿಲ್ಲ, ಕುರ್ಚಿ ಕಿರುಗುಟ್ಟುವುದಿಲ್ಲ. ಸುಮ್ಮನೆ ಕೂರುವ ಹೆಂಗಸೇ ಅಲ್ಲ ಅವಳು.

ಮೂರನೆಯ ಜೋಡಿಗೆ ಚುಕ್ಕೆ ಇನ್ನೂ ಮುಟ್ಟಿರಲಿಲ್ಲ. ಸ್ಪಷ್ಟವಾಗಿ ದೂರ ಇತ್ತು. ನಾನು ಬಾಯಿ ತೆರೆದಿರಲಿಲ್ಲ.

"ಆಂಡ್."

ಅವಸರ ಇಲ್ಲದ ದನಿ. ಹಿಂದಿನ ಕಾಲದಲ್ಲಿ ಟ್ರಂಕ್ ಕಾಲ್ ಮುಗಿದಾಗ ಎಕ್ಸ್‌ಚೇಂಜಿನವರು ಹೇಳುತ್ತಿದ್ದ ಹಾಗೆ.

ನಾನು ಕಣ್ಣು ತೆಗೆದು ತಿರುಗಿದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಕುರ್ಚಿ ಖಾಲಿ. ಅದರ ಮೇಲೆ ಹಗಲಿನ ಧೂಳು ತೆಳುವಾಗಿ ಕೂತಿತ್ತು. ಯಾರೂ ಕುಳಿತ ಗುರುತಿರಲಿಲ್ಲ.

ಆ ಮೆಟ್ಟಿಲು ಹೇಗೆ ಇಳಿದೆನೋ, ಮೈ ಗಾಡ್, ನನ್ನ ಮಂಡಿಗಳಿಗೇ ಗೊತ್ತು. ಗೇಟು ದಾಟಿ ಅವಳ ಅಡುಗೆಮನೆಗೆ ನುಗ್ಗಿದೆ. ನೆಲದ ಮೇಲೆ ಬಿದ್ದಿದ್ದಳು. ಮೈ ಬೆವರಿ ತಣ್ಣಗೆ, ಹಲ್ಲು ಕಚ್ಚಿಕೊಂಡಿತ್ತು. ಮೇಜಿನ ಮೇಲೆ ಚಪಾತಿ ಮುಚ್ಚಿಟ್ಟ ಹಾಗೇ ಉಂಟು, ಪಕ್ಕದಲ್ಲಿ ಇನ್ಸುಲಿನ್ನಿನ ಪೆನ್ನು. ಎಷ್ಟೋ ಹೊತ್ತಿನ ಮೊದಲೇ ಚುಚ್ಚಿಕೊಂಡಿದ್ದಾಳೆ, ಡಬ್ಬ ಬೇಗ ಬರುತ್ತದೆಂದು ತಿನ್ನುವುದನ್ನು ಆಮೇಲಕ್ಕೆ ಇಟ್ಟಿದ್ದಾಳೆ. ಒದ್ದೆ ಬೆರಳಿಗೆ ಸಕ್ಕರೆ ಅಂಟಿಸಿ ಅವಳ ವಸಡಿಗೆ ಉಜ್ಜುತ್ತಾ ನಾನು ಕಿರುಚಿದ ಕಿರುಚಾಟಕ್ಕೆ ಎದುರು ಮನೆಯವರು ಓಡಿ ಬಂದರು. ಕಾರಿನಲ್ಲಿ ದಾರಿಯುದ್ದಕ್ಕೂ ಹೇಲ್ ಮೇರಿ ಹೇಳಲು ಹೊರಟೆ. ಪ್ರತಿ ಸಲ ಅರ್ಧಕ್ಕೇ ಮರೆತುಹೋಗುತ್ತಿತ್ತು. ಇನ್ನು ಸ್ವಲ್ಪ ತಡ ಆಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು ಡಾಕ್ಟರು. ಡಬ್ಬ ಪೂರ್ತಿ ಮರೆಯಾಗುವವರೆಗೆ ನಾನು ನಿಯಮದಂತೆ ನೋಡುತ್ತಾ ಒರಗಿದ್ದರೆ ಆ ಸ್ವಲ್ಪ ತಡ ಆಗಿಯೇ ಹೋಗುತ್ತಿತ್ತು.

ಸ್ಟಾಪ್‌ವಾಚ್ ಅವಳ ಕುತ್ತಿಗೆಯಲ್ಲೇ ಇತ್ತು. ಆಸ್ಪತ್ರೆಯಲ್ಲಿ ನರ್ಸ್ ತೆಗೆದು ನನ್ನ ಕೈಗೆ ಕೊಟ್ಟಳು. ಗುಂಡಿ ಮೂರು ಸಲ ಒತ್ತಿದ್ದು ಅದರಲ್ಲಿ ಕಾಣುತ್ತಿತ್ತು. ಬೀಳುವಾಗ ಮೈಯಡಿಗೆ ಸಿಕ್ಕಿ ಒತ್ತಿರಬಹುದು. ದನಿಯ ವಿಷಯಕ್ಕೆ ನಮ್ಮ ಗುಂಪಿನ ಹುಡುಗರ ಉತ್ತರ ತಯಾರಿತ್ತು: "ಆಂಟಿ, ವರ್ಷಗಟ್ಟಲೆ ಕೇಳಿದ್ದನ್ನು ಕಿವಿ ತಾನೇ ತುಂಬಿಸಿಕೊಳ್ಳುತ್ತದೆ. ಸಿಂಪಲ್." ನಾನೂ ತಲೆ ಆಡಿಸಿದೆ. ಸಿಂಪಲ್ ಆಗಿಯೇ ಉಳಿಯುತ್ತಿತ್ತೋ ಏನೋ, ವಾರಿಜ ಬಾಯಿ ಬಿಡದಿದ್ದರೆ.

ಎರಡು ದಿನ ಕಳೆದು ಎದ್ದು ಕೂತು ಗಂಜಿ ಕುಡಿಯುವಾಗ ಅವಳಾಗಿಯೇ ಕೇಳಿದಳು: "ಡಬ್ಬದ ಮೂರೂ ಟೈಮ್ ಕಳಿಸಿದೆಯಾ ಬಾಯಮ್ಮ?"

ನೀನು ಮೇಲೆ ಬರಲೇ ಇಲ್ಲ ಮಾರಾಯ್ತಿ ಎಂದೆ. ಅವಳು ನನ್ನ ತಲೆ ಕೆಟ್ಟಿದೆಯೋ ಎಂಬಂತೆ ನೋಡಿದಳು. ಬಂದದ್ದು, ಕೂತದ್ದು, ಎಲ್ಲ ನೆನಪುಂಟಂತೆ. ಹಾಗಾದರೆ ಮೂರನೆಯದಕ್ಕೆ ನಾನು ಕರೆಯುವ ಮೊದಲೇ ಯಾಕೆ ಹೇಳಿದೆ ಎಂದು ಕೇಳಿದೆ.

"ಕರೆಯುವ ಮೊದಲಾ? ಅಷ್ಟು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತವಳು ನಾನು. ಕರೆ ಬಾರದೆ ಉತ್ತರ ಕೊಡುತ್ತೇನಾ? ನೀನು ಕರೆದೆ. ಮೊದಲಿನ ಎರಡು ಮೆಲ್ಲ ಕೇಳಿಸಿತು. ಮೂರನೇ ಸಲ ಎಷ್ಟು ಜೋರಾಗಿ ಕರೆದೆ ಎಂದರೆ, ನನಗೆ ಹೆದರಿಕೆಯೇ ಆಯಿತು."

ನಾನು ಮೂರನೆಯ ಸಲ ಕರೆಯಲಿಲ್ಲ. ಅಂದೂ ಇಲ್ಲ, ಇಂದೂ ಇಲ್ಲ.

ಹೌದು, ಇಂದೂ. ನಾವು ಈಗಲೂ ಟೆರೇಸಿಗೆ ಹೋಗುತ್ತೇವೆ, ಅವಳ ಊಟ ಮುಗಿದದ್ದನ್ನು ನಾನು ಕಣ್ಣಾರೆ ನೋಡಿದ ಮೇಲೆ. ಎದುರು ಕೂತುಕೋ ಎಂದರೆ ಕೇಳುವುದಿಲ್ಲ, ಹಿಂದೆಯೇ ಕೂರುತ್ತಾಳೆ. ಮೊದಲನೆಯದಕ್ಕೆ "ನೌ" ಎನ್ನುತ್ತೇನೆ, ಎರಡನೆಯದಕ್ಕೂ ಎನ್ನುತ್ತೇನೆ. ಮೂರನೆಯದು ಹತ್ತಿರ ಬರುವಾಗ ನನ್ನಿಂದ ಆಗುವುದಿಲ್ಲ. ಕಣ್ಣು ತೆಗೆದು ತಿರುಗಿಬಿಡುತ್ತೇನೆ. ಅವಳು ಅಲ್ಲೇ ಇರುತ್ತಾಳೆ, ಸ್ಟಾಪ್‌ವಾಚ್ ಹಿಡಿದು. "ಪುನಃ ತಪ್ಪಿಸಿದೆಯಲ್ಲ ಬಾಯಮ್ಮ!" ಎಂದು ಬೈಯುತ್ತಾಳೆ.

ನಮ್ಮ ಅಂಕಿಗಳನ್ನು ಸೇರಿಸಿಕೊಳ್ಳುವ ಹೊರದೇಶದ ಒಬ್ಬ ಹವ್ಯಾಸಿ, ಮೊದಲೆಲ್ಲ ಮೂರು ಕಳಿಸುತ್ತಿದ್ದವರು ಈಗ ಯಾಕೆ ಎರಡೇ ಎಂದು ಪೊಲೈಟ್ ಆಗಿ ಮೇಲ್ ಮಾಡಿ ಕೇಳಿದ್ದಾನೆ. ಆ ಕಡೆಗೆ ತೆಂಗಿನ ಮರ ಅಡ್ಡ ಉಂಟು ಎಂದು ಬರೆದಿದ್ದೇನೆ. ಬೇರೆ ಎಂತ ಬರೆಯಲಿ?