ಕಡ್ಲಿಗೆ ಹನ್ನೊಂದು ಜಳಕ

ಹೊಸಪೇಟೆ ಬಸ್ ನಿಲ್ದಾಣದ ಹೊರಗೆ ಶೇಂಗಾ ಹುರಿಯುವ ಬಂಡಿಯೊಂದು ನಿಲ್ಲುತ್ತದೆ. ನೀವೂ ಗಮನಿಸಿರಬಹುದು, ಶೇಂಗಾ ಘಮ್ಮೆನ್ನುವ ಮೊದಲು ಕಾದ ಮರಳಿನದೇ ಒಂದು ವಾಸನೆ ಏಳುತ್ತದೆ. ಮೊನ್ನೆ ಸಂಡೂರು ಬಸ್ಸಿಗೆ ಕಾಯುತ್ತಿದ್ದಾಗ ಆ ವಾಸನೆ ಬಂತು, ಕಡ್ಲಿ ನೆನಪಾಯಿತು.

ಕಡ್ಲಿ ನನ್ನ ಹ್ಯಾಮ್‌ಸ್ಟರ್. ಗಣಿ ಜೋರಾಗಿದ್ದ ವರ್ಷಗಳವು. ನಾನು ಸಂಡೂರಿನಲ್ಲಿ ಎಂಟನೇ ತರಗತಿ. ಅದಿರು ಲಾರಿ ಇಟ್ಟಿದ್ದ ಸೋದರಮಾವ ಬೆಂಗಳೂರಿಗೆ ಹೋದಾಗ ಅದನ್ನು ತಂದುಕೊಟ್ಟಿದ್ದರು. ಅಂಗೈಯಲ್ಲಿ ಹಿಡಿಸುವ, ಇಲಿ ಜಾತಿಯ ಬಿಳಿ ಜೀವ, ಇದ್ದೂ ಇಲ್ಲದಂಥ ಬಾಲ. ಹುರಿಗಡಲೆಯನ್ನು ಎರಡೂ ಕೆನ್ನೆಗೆ ತುರುಕಿಕೊಂಡು ಮೂಲೆಗೆ ಓಡುತ್ತಿತ್ತು, ಅದಕ್ಕೇ ಆ ಹೆಸರು. ಸಾಕುವುದು ಹೇಗೆಂದು ಕೇಳಿದರೆ ಮಾವ, ಕಾಳು ಹಾಕು, ನೀರು ಇಡು, ಮುಗೀತು ಎಂದರು. ನನಗೆ ಅಷ್ಟು ಸಾಲುತ್ತದೆಯೇ? ಹೊಸ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಕಾಲಂ ಮಾಡಿದೆ: ತಾರೀಖು, ಕಾಳು, ನೀರು, ಜಳಕ.

ಜಳಕ ಯಾಕೆನ್ನುತ್ತೀರಿ? ಆಗಿನ ಸಂಡೂರನ್ನು ನೀವು ನೋಡಿರಬೇಕು. ನಮ್ಮ ಮನೆ ಅದಿರು ಲಾರಿಗಳು ಓಡುವ ರಸ್ತೆಯ ಮಗ್ಗುಲಲ್ಲಿತ್ತು, ಎಲ್ಲದರ ಮೇಲೂ ಕೆಂಪು ಧೂಳು ಕೂರುತ್ತಿತ್ತು. ಅವ್ವ ದಿನಕ್ಕೆರಡು ಸಲ ಕಿಟಕಿ ಒರೆಸುತ್ತಿದ್ದಳು, ಶಾಲೆಯಿಂದ ಬಂದ ನನ್ನನ್ನು ಸೀದಾ ಬಚ್ಚಲಿಗೆ ಅಟ್ಟುತ್ತಿದ್ದಳು, ಅಂಗಳದ ಕರಿಬೇವಿಗೂ ತಲೆಯ ಮೇಲೆ ನೀರು ಹೊಯ್ಯುತ್ತಿದ್ದಳು. ಕಿಟಕಿ ಪಕ್ಕದ ಪಂಜರದಲ್ಲಿ ಕಡ್ಲಿ ಸಂಜೆಯೊಳಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಪ್ರೀತಿಯಿದ್ದರೆ ತೊಳೆಯಬೇಕು ಎಂದೇ ಕಲಿತಿದ್ದವಳು ನಾನು. ಶಾಂಪೂ ಪ್ಯಾಕೆಟ್ ಹರಿದು ದಿನಾ ತೊಳೆದು, ಕಾಲಂನಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಅದು ಕೊಸರಾಡಿದ್ದನ್ನು ‘ಹಟ’ ಎಂದು ಬರೆದಿದ್ದೇನೆ.

ಹನ್ನೊಂದನೆಯ ಗೆರೆ ಬಿದ್ದದ್ದು ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ. ಅಂದು ಕಡ್ಲಿ ಕೊಸರಲಿಲ್ಲ. ತಣ್ಣಗಾಗಿ, ಕಾಲು ಮಡಿಚಿ, ಅಂಗೈಯಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಅವ್ವ ಬಾಗಿಲಿನಿಂದಲೇ ನೋಡಿ, ಹೋತು ಬಿಡು ಎಂದಳು. ನಾನು ವೇಳೆ ಗುರುತು ಹಾಕಿಕೊಳ್ಳಲು ಪೆನ್ನು ತೆಗೆದೆ. ಬೇರೆ ಏನು ಮಾಡಬೇಕೆಂದು ತಿಳಿದಿದ್ದರೆ ತಾನೆ?

ಆಗ ಅವ್ವನ ಅಕ್ಕ, ಮೆಟ್ರಿಯ ದೊಡ್ಡಮ್ಮ ನಮ್ಮಲ್ಲಿಗೆ ಬಂದಿದ್ದರು. ಅವರದು ಅಕ್ಕಿ ಗಿರಣಿ. ಇಲಿ ಕಂಡರೆ ಕೈಗೆ ಸಿಕ್ಕಿದ್ದನ್ನು ಬೀಸುವವರು. ನಾವು ಹೊಡೆಯುವುದನ್ನು ನೀವು ಉಣಿಸಿ ಸಾಕುತ್ತೀರಲ್ಲ ಎಂದು ಅವ್ವನನ್ನು ಛೇಡಿಸಿ, ಪಂಜರದ ಕಡೆ ಹಾಯದೆ ಇದ್ದರು. ಈಗ ಅವರೇ ಬಂದು ಕಡ್ಲಿಯನ್ನು ಕಿತ್ತುಕೊಂಡು ಕಿವಿಗೆ ಹಿಡಿದರು.

“ಉಸಿರೈತಿ. ಬರಿಯೂದು ಬಿಡು, ಕೈ ಕೊಡು.”

ಒಣ ಬಟ್ಟೆಯಲ್ಲಿ ಒರೆಸಿ, ತಮ್ಮ ಸೆರಗಿನಲ್ಲಿ ಸುತ್ತಿ, ನನ್ನ ಅಂಗೈಗಳ ನಡುವೆ ಇಟ್ಟು, ಮೇಲೆ ತಮ್ಮ ಕೈ ಮುಚ್ಚಿದರು. ಬಿಸಿಲು ಬಿದ್ದ ಕಟ್ಟೆಯ ಮೇಲೆ ಹಾಗೇ ಕೂತೆವು. ಸೆರಗು ಅವರದಾದ್ದರಿಂದ ಒತ್ತಿಕೊಂಡೇ ಕೂರಬೇಕಾಗಿತ್ತು, ಬೈಗುಳ ನೇರ ಕಿವಿಗೇ ಬೀಳುತ್ತಿತ್ತು.

“ಕೋಳಿ ಎಂದಾರ ನೀರಾಗ ಜಳಕ ಮಾಡೂದು ನೋಡಿಯೇನು? ಮಣ್ಣಾಗ ಹೊಳ್ಳಾಡಿ ಮೈ ಝಾಡಿಸ್ತಾವು. ಶಾಣ್ಯಾಕಿ ಅಂತ ಶಾಣ್ಯಾಕಿ. ಸಣ್ಣ ಜೀವ ಕೊಲ್ಲಾಕ ಒಂದು ಬುಕ್ಕು ಬ್ಯಾರೆ.”

ಎಷ್ಟೋ ಹೊತ್ತಿನ ಮೇಲೆ ನನ್ನ ಬೆರಳಿಗೆ ಮೀಸೆ ತಾಗಿತು.

ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯಿಂದ ದೊಡ್ಡಮ್ಮ ಬೊಗಸೆ ಮರಳು ಕೇಳಿ ತರಿಸಿದರು. ಎರಡು ಸಲ ಜರಡಿ ಹಿಡಿದು ಧೂಳು ಹಾರಿಸಿ, ಬಾಣಲೆಯಲ್ಲಿ ಹುರಿದು, ಪೂರಾ ಆರಿದ ಮೇಲೆ ತಟ್ಟೆಗೆ ಹಾಕಿ ಪಂಜರದಲ್ಲಿಟ್ಟರು. ಪಂಜರವನ್ನು ಒಳಕೋಣೆಗೆ ಸರಿಸಿದರು. ಮರುದಿನ ಕಡ್ಲಿ ಆ ಮರಳಿನಲ್ಲಿ ಬೆನ್ನು ಕೊಟ್ಟು ಹೊರಳಿತು. ಕೆಂಪು ಉದುರಿ ಬಿಳಿ ಬಂತು. ಆಮೇಲೆ ಇನ್ನೂ ಒಂದು ಚಳಿಗಾಲ ಆರಾಮಾಗಿ ಬದುಕಿತ್ತು.

ಆದರೆ ಬೈಸಿಕೊಂಡ ಸಿಟ್ಟಿಗೆ ನಾನು ಬರೆದದ್ದು ಇಷ್ಟೇ: ‘ಕಡ್ಲಿ ಉಳಿಯಿತು. ಆರು ಕಾಳು ತಿಂದಿತು.’ ದೊಡ್ಡಮ್ಮನ ಹೆಸರಿಲ್ಲ. ಅವರು ಊರಿಗೆ ಹೊರಡುವವರೆಗೂ ನಾನು ಅವರೊಡನೆ ಮಾತು ಬಿಟ್ಟಿದ್ದೆ.

ಮೊನ್ನೆ ನಿಲ್ದಾಣದಿಂದಲೇ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅಂದು ನೀವೇ ಉಳಿಸಿದ್ದು, ನಾನು ಒಂದು ಮಾತೂ ಹೇಳಲಿಲ್ಲ ಎಂದೆ. ಅವರಿಗೆ ಹ್ಯಾಮ್‌ಸ್ಟರ್ ಸರಿಯಾಗಿ ನೆನಪೇ ಇರಲಿಲ್ಲ. ಅವರು ಅಂದದ್ದು ಬೇರೆಯೇ:

“ಅವತ್ತು ನಿನಗ ಭಾಳ ಬೈದ್ನಲ್ಲವ್ವಾ. ನೀ ಅಳಕೋತ ಕುಂತಿದ್ದಿ. ರಾತ್ರಿ ನನಗ ತುತ್ತು ಇಳೀಲಿಲ್ಲ.”

ಆರು ಕಾಳು ಎಣಿಸಿದವಳಿಗೆ ದೊಡ್ಡಮ್ಮ ಉಣ್ಣದ್ದು ಕಂಡಿರಲಿಲ್ಲ. ಸಂಡೂರಿನ ಬಸ್ಸು ಬಂದು ನಿಂತಿತು, ಹೋಯಿತು. ಹೋಗಲಿ ಎಂದು, ಊಟ ಆಯ್ತಾ ದೊಡ್ಡಮ್ಮಾ, ಏನು ಉಂಡಿರಿ ಎಂದು ಕೇಳುತ್ತ ಅಲ್ಲೇ ನಿಂತೆ.