ಕ್ಯಾನ್ಸಲ್ ಮಾಡಲು ಬಂದವರು

ಮುಂದಿನ ಊರಿಗೆ ಬಸ್ ಟಿಕೆಟ್ ಮಾಡಿಸಲು ಮೈಸೂರಿನ ಲಷ್ಕರ್ ಮೊಹಲ್ಲಾದ ಟ್ರಾವೆಲ್ಸ್ ಆಫೀಸಿನಲ್ಲಿ ಕೂತಿದ್ದೇನೆ. ನನಗಿಂತ ಮೊದಲು ಬಂದವರು ರಾಮಕೃಷ್ಣನಗರದ ದಂಪತಿ, ಜಯಮ್ಮ ಮತ್ತು ಶಿವಣ್ಣ. ಅವರು ಶ್ರೀಲಂಕಾಕ್ಕೆ ಹೊರಡುವವರಿದ್ದರು. ಅಷ್ಟರಲ್ಲಿ ಅಲ್ಲಿಗೆ ಚಂಡಮಾರುತ ಅಪ್ಪಳಿಸಿತ್ತು.

"ಅವರು ಕಷ್ಟದಲ್ಲಿರುವಾಗ ನಾವು ಹೋಗಿ ಮಜಾ ಮಾಡೋದು ಚೆನ್ನಾಗಿರಲ್ಲ ಕಣ್ರೀ. ಕ್ಯಾನ್ಸಲ್ ಮಾಡ್ಬುಡಿ" ಎಂದರು ಶಿವಣ್ಣ, ಕೌಂಟರಿನಲ್ಲಿದ್ದ ನಸೀಮಾಗೆ.

"ಅವರನ್ನೇ ಒಂದ್ಮಾತು ಕೇಳೋಣ" ಎಂದ ಜಯಮ್ಮ, ತಾವು ಇಳಿದುಕೊಳ್ಳಬೇಕಿದ್ದ ಮನೆಯ ಒಡತಿ ಸೆಲ್ವಿಗೆ ವಿಡಿಯೊ ಕಾಲ್ ಮಾಡಿಸಿದರು. ಸೆಲ್ವಿಯ ತಮಿಳನ್ನು ನಸೀಮಾ ಕನ್ನಡದಲ್ಲಿ ಹೇಳುತ್ತಿದ್ದರು.

ಬಟ್ಟೆಬರೆ ಏನಾದರೂ ತರಬೇಕೆ ಎಂದು ಜಯಮ್ಮ ಕೇಳಿದರು.

"ಬಟ್ಟೆ ಬೇಕಾದಷ್ಟು ಬಂದಿದೆಯಂತೆ. ನೀವು ಬಂದ್ರೆ ಸಾಕಂತೆ. ಇವರ ಒಲೆ ಹತ್ತುತ್ತೆ, ಪಕ್ಕದ ಮನೆ ಆಟೋದವರಿಗೂ ಕೆಲಸ ಸಿಗುತ್ತೆ ಅಂತಾರೆ" ಎಂದ ನಸೀಮಾ, ಮತ್ತೆ ಕೇಳಿಸಿಕೊಂಡು ದನಿ ತಗ್ಗಿಸಿದರು. "ಆದ್ರೆ ಗುಡ್ಡ ಕುಸಿದ ಕಡೆ ಮಾತ್ರ ಕರ್ಕೊಂಡು ಹೋಗಲ್ವಂತೆ. ಅಲ್ಲಿ ಜನ ಇನ್ನೂ ಅಳ್ತಿದ್ದಾರೆ, ಅದು ನೋಡೋ ಜಾಗ ಅಲ್ಲವಂತೆ."

ಅತಿಥಿಗಳಿಗಾಗಿ ಇಷ್ಟು ಕಾಯುತ್ತಿರುವಾಕೆ ಹೀಗೆ ಕಡ್ಡಿ ಮುರಿದಂತೆ ಹೇಳಿದ್ದು ಕೇಳಿ ನನಗೆ ಗೌರವ ಮೂಡಿತು.

ಸೆಲ್ವಿ ಫೋನನ್ನು ಕೋಣೆಯೊಳಕ್ಕೆ ಒಯ್ದರು. ಗೋಡೆಯ ಮೇಲೆ ಕಿಟಕಿಯವರೆಗೂ ಕೆಸರಿನ ಕಲೆ ಇತ್ತು. ಅದರ ಮೇಲೆ ನೀಲಿ, ಹಳದಿ ಬಣ್ಣಗಳ ಒಂದೊಂದು ಪಟ್ಟಿ ಬಳಿದಿದ್ದರು. ಉಳಿದುಕೊಳ್ಳುವವರು ನೀವು, ಯಾವುದು ಹಚ್ಚಲಿ ಎಂದು ಕೇಳಿದರು.

ಜಯಮ್ಮ ಗಂಡನತ್ತ ನೋಡಿದರು. ಶಿವಣ್ಣ ಕನ್ನಡಕ ಹಾಕಿಕೊಂಡು, ಫೋನಿನ ಹತ್ತಿರಕ್ಕೆ ಬಗ್ಗಿ ಬಹಳ ಹೊತ್ತು ನೋಡಿದರು.

"ಹಳದಿ ಹಚ್ಚೋಕೆ ಹೇಳಿ" ಎಂದರು.