ಆಸ್ಟಿನ್ನಿನ ಗುಮ್ಮಟದ ಕೆಳಗಿನ ರಂಗೋಲಿ

ಅಕ್ಕಪಕ್ಕದ ಮನೆಯವರೆಲ್ಲ ಆ ಬೇಸಿಗೆಯಲ್ಲಿ ಯುರೋಪಿನ ಅರಮನೆ, ಮ್ಯೂಸಿಯಂ ನೋಡಲು ಹೊರಟರು. ಮಗಳಿಗೆ ಒಂದೇ ದಿನ ರಜೆ ಸಿಕ್ಕಿದ್ದರಿಂದ ನಾವು ಅವಳಿರುವ ಕೇಟಿ ಎಂಬ ಊರಿನಿಂದ ಕಾರಿನಲ್ಲಿ ಆಸ್ಟಿನ್ನಿಗೆ ಹೋದೆವು. ನನಗೇನೂ ಕಡಿಮೆ ಅನ್ನಿಸಲಿಲ್ಲ. ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ಆರು ವರ್ಷದ ಮೊಮ್ಮಗಳ ಕೈ ಹಿಡಿದು ಟೆಕ್ಸಾಸಿನ ವಿಧಾನಸೌಧ ನೋಡಲು ಹೊರಟಿದ್ದೆ. ಇನ್ನೇನು ಬೇಕು?

ಮೊಮ್ಮಗಳದು ವಾರದಿಂದ ಒಂದೇ ಜಪ. ಅಲ್ಲಿ ಗುಮ್ಮಟದ ಕೆಳಗೆ, ನೆಲದ ನಟ್ಟನಡುವೆ ಒಂದು ನಕ್ಷತ್ರವಿದೆ, ಅದರ ಮೇಲೆ ನಿಂತು ಕೂಗಿದರೆ ಕೂಗು ಮೇಲೆ ಹೋಗಿ ವಾಪಸ್ಸು ಬರುತ್ತದೆ, ಕ್ಲಾಸಿನವರೆಲ್ಲ ಕೂಗಿ ಬಂದಿದ್ದಾರೆ, ತಾನೊಬ್ಬಳೇ ಉಳಿದಿದ್ದೇನೆ ಎಂದು.

ಒಳಗೆ ಹೋಗಿ ನೋಡಿದರೆ ಅದು ರಂಗೋಲಿ. ಐದು ಮೂಲೆ, ಸುತ್ತ ಎಲೆಬಳ್ಳಿ, ಅದರಾಚೆ ಬಣ್ಣದ ಬಳೆಯಂಥ ಗೆರೆ. ಕಾಲಿಡಲು ಓಡಿದ ಮಗುವನ್ನು ರಟ್ಟೆ ಹಿಡಿದು ಎಳೆದೆ.

“ರಂಗೋಲಿ ತುಳೀಬಾರ್ದು ಪುಟ್ಟಿ. ಸುತ್ತಿ ಬಾ.”

“ಅಮ್ಮಾ, ಅದು ಬರೀ ನೆಲ,” ಎಂದಳು ಮಗಳು.

“ಮತ್ತೆ ರಂಗೋಲೀನ ಗೋಡೆ ಮೇಲೆ ಹಾಕ್ತಾರಾ?”

ಸೆರಗು ಹೊದ್ದು, ಗುಡಿಯಲ್ಲಿ ಬಲ ಬರುವ ಹಾಗೆ ಸುತ್ತಿಕೊಂಡು ನಡೆದೆ. ಹಿಂದಿದ್ದ ದೊಡ್ಡ ಟೋಪಿಯ ಗಂಡಸೊಬ್ಬ ಹಾಗೇ ಮಾಡಬೇಕು ಅಂದುಕೊಂಡನೋ ಏನೋ, ಅವನೂ ಸುತ್ತಿದ. ಅವನ ಹೆಂಡತಿ ಸುತ್ತಿದಳು. ಒಂದು ಬಸ್ಸಿನ ಜನವೇ ಸುತ್ತಿತು. ನಡುವೆ ಖಾಲಿ ನಕ್ಷತ್ರ, ಅದರ ಅಂಚಿನಲ್ಲಿ ತುಟಿ ನಡುಗಿಸುತ್ತ ನಿಂತ ನನ್ನ ಮೊಮ್ಮಗಳು.

ಆ ಮುಖ ನೋಡಿ ನನ್ನ ಜೀವ ತಡೆಯಲಿಲ್ಲ. ಪಕ್ಕದಲ್ಲಿ ಗೈಡ್ ಹೆಂಗಸು ನಿಂತಿದ್ದಳು.

“ಇದನ್ನ ದಿನಾ ಯಾರು ಹಾಕ್ತಾರೆ ಅಂತ ಕೇಳು,” ಎಂದೆ ಮಗಳಿಗೆ.

ಮಗಳು ಹಣೆ ಚಚ್ಚಿಕೊಂಡೇ ಕೇಳಿದಳು. ದಿನಾ ಯಾರೂ ಹಾಕುವುದಿಲ್ಲ, ಕಲ್ಲಿನ ಕೆಲಸ, ತಾನು ಹುಟ್ಟುವ ಮುಂಚಿನದು ಅಂದಳಂತೆ ಆಕೆ.

“ಬೆಳಗ್ಗೆ ಗುಡಿಸಿ ಹಾಕದಿದ್ರೆ ಅದು ರಂಗೋಲಿ ಅಲ್ಲ ಬಿಡು. ಆದ್ರೂ ಚಪ್ಪಲಿ ಬಿಟ್ಟು ಹೋಗೋಣ.”

ಇಬ್ಬರೂ ಬರಿಗಾಲಲ್ಲಿ ನಡುವೆ ನಿಂತೆವು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗು ತಲೆಯೆತ್ತಿ “ಅಜ್ಜೀ” ಎಂದು ಕೂಗಿತು. ಗುಮ್ಮಟವೂ ಅಜ್ಜೀ ಎಂದಿತು. ನನಗೆ ಆನಂದಕ್ಕೆ ಕಣ್ಣೇ ಕಾಣಲಿಲ್ಲ.

ಕಣ್ಣೊರೆಸಿಕೊಂಡು ತಿರುಗಿದರೆ, ಟೋಪಿಯವನು ನೆಲದ ಮೇಲೆ ಕುಳಿತಿದ್ದಾನೆ. ಹೆಂಡತಿ ಅವನ ಉದ್ದನೆಯ ಬೂಟನ್ನು ಎರಡೂ ಕೈಯಲ್ಲಿ ಜಗ್ಗುತ್ತಿದ್ದಾಳೆ. ಹಿಂದೆ ಸಾಲು, ಎಲ್ಲರ ಕೈಯಲ್ಲೂ ಶೂ. ಅವನು ಕಾಲುಚೀಲದಲ್ಲಿ ನಡುವಿಗೆ ಬಂದು, ಟೋಪಿ ತೆಗೆದು, ಬಹಳ ಗಂಭೀರವಾಗಿ “ಅಜ್ಜೀ” ಎಂದ. ಆಮೇಲೆ ಹೆಂಡತಿ. ಆಮೇಲೆ ಬಸ್ಸಿನವರು, ಒಬ್ಬೊಬ್ಬರಾಗಿ.

“ಸಾಕು, ಹೋಗೋಣ ಬಾಮ್ಮಾ,” ಎಂದು ಮಗಳು ಸೆರಗೆಳೆದಳು.

ಕರೆದವರಿಗೆ ಓಗೊಡದೆ ಹೇಗೆ ಹೋಗುವುದು? ಗೋಡೆಗೊರಗಿ ನಿಂತು, ಒಬ್ಬೊಬ್ಬರಿಗೂ “ಬಂದೆ ಕಣಪ್ಪಾ”, “ಬಂದೆ ಕಣಮ್ಮಾ” ಎನ್ನುತ್ತಲೇ ಇದ್ದೆ. ಸಾಲಿನ ಕೊನೆಯಲ್ಲಿ ಶೂ ಹಿಡಿದು ಕಾಯುತ್ತಿದ್ದವಳು ಮತ್ತೆ ನನ್ನ ಮೊಮ್ಮಗಳೇ.